ಡಬ್ಬಿಯೊಳಗೆ ಏನನ್ನೂ ಹಾಕಬಾರದು

ಮೊನ್ನೆ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೈಗೆ ಒಂದು ಡಬ್ಬಿ ಕೊಟ್ಟರು. ಅಗಲ ಬಾಯಿಯ, ತಿರುಪು ಮುಚ್ಚಳದ, ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಮೂರು ವಾರದಿಂದ ಬಿಡದ ಕೆಮ್ಮು ನನ್ನದು. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಕಫ ತೆಗೆದು ಅದರಲ್ಲಿ ತರಬೇಕಂತೆ. ಜೊತೆಗೆ ಒಂದು ಚೀಟಿ. ಹೇಗೆ ಉಸಿರೆಳೆದುಕೊಳ್ಳಬೇಕು, ಎಷ್ಟು ಬೇಕು ಅಂತೆಲ್ಲ ಬರೆದು, ಕೊನೆಗೆ ಒಂದು ಸಾಲು: ಡಬ್ಬಿಯೊಳಗೆ ನೀರು, ಫಿನಾಯಿಲ್ ಮುಂತಾದ ಏನನ್ನೂ ಹಾಕಬಾರದು.

ಮಗಳು ಅದನ್ನು ಓದಿ ನಕ್ಕಳು. "ಯಾರಮ್ಮಾ ಕಫಕ್ಕೆ ಫಿನಾಯಿಲ್ ಹಾಕ್ತಾರೆ?"

ನನಗೆ ನಗು ಬರಲಿಲ್ಲ. ಅಲ್ಲೇ ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು, ಆ ವಾಸನೆ ಮೂಗಿಗೆ ಬಡಿಯಿತು. ಕರೀ ಫಿನಾಯಿಲ್... ನೀರು ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತಲ್ಲ, ಅದು. ಆ ವಾಸನೆಯ ಜೊತೆಗೇ ಆಕೆ ನೆನಪಿನಲ್ಲಿ ಬಂದು ನಿಂತರು. ಬಗಲಲ್ಲಿ ನೀಲಿ ಐಸ್ ಡಬ್ಬ, ಕೈಯಲ್ಲಿ ಕೊಡೆ, ಕಾಲಿಗೆ ಹವಾಯಿ ಚಪ್ಪಲಿ.

ತೊಂಬತ್ತರ ದಶಕ. ನಾವಾಗ ದಾಸರಹಳ್ಳಿಯ ಒಂದು ವಠಾರದಲ್ಲಿದ್ದೆವು. ನಮ್ಮ ಯಜಮಾನರಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ದಾವಣಗೆರೆಯಿಂದ ಬಂದ ಹೊಸತು, ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ವಠಾರದಲ್ಲಿ ರಸ್ತೆ ಕಡೆಯ ನಮ್ಮ ಮನೆಗೆ ಮಾತ್ರ ತಾರಸಿ, ಹಿಂದಿನ ನಾಲ್ಕು ರೂಮಿಗೂ ಶೀಟು. ಬಿಸಿಲೇರಿದರೆ ಆ ರೂಮುಗಳು ಹಂಚಿನ ಹಾಗೆ ಕಾಯುತ್ತಿದ್ದವು. ನಮಗೆ ತಾರಸಿಯ ಮನೆ ಸಿಕ್ಕಿದ್ದು, ವಾರಕ್ಕೆ ಮೂರು ದಿನ ನೀರು ಬರುತ್ತಿದ್ದುದು, ಸ್ನಾನ ಮುಗಿಸಿ ಲಿಂಗಪೂಜೆಗೆ ಕೂರಲು ಒಂದು ಮೂಲೆ ಇದ್ದುದು, ಇಷ್ಟನ್ನೂ ಶಿವ ಕೊಟ್ಟಿದ್ದು ಅಂತಲೇ ತಿಳಿದುಕೊಂಡು ಬದುಕುತ್ತಿದ್ದೆ.

ಹಿಂದಿನ ರೂಮಿಗೆ ಬಿಜಾಪುರದ ಕಡೆಯ ಗಂಡ ಹೆಂಡತಿ ಬಂದಿದ್ದರು. ಅವನು ಫೌಂಡ್ರಿಗೆ, ಅವಳು ಗಾರ್ಮೆಂಟ್ಸಿಗೆ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ, ಬಾಯಿ ಬಿಟ್ಟರೆ ನಗು. ಹೆಪ್ಪಿಗೆ ಮೊಸರು ಬೇಕೆಂದು ದಿನಾ ನಮ್ಮ ಬಾಗಿಲಿಗೆ ಬರುತ್ತಿದ್ದಳು. ಅವಳಿಗೆ ಟಿ.ಬಿ. ಅಂತ ಗೊತ್ತಾಗಿದ್ದು ಬಂದ ವರ್ಷದೊಳಗೇ.

ಊರೊಳಗಿನ ಒಂದು ದೊಡ್ಡ ಮೆಡಿಕಲ್ ಕಾಲೇಜಿನವರು ಆಗ ಈ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಪೀಣ್ಯದ ಸುತ್ತ ಕೆಲಸ ಮಾಡುವವರಲ್ಲಿ ಮಾತ್ರೆ ನುಂಗಿದರೂ ಕೆಲವರಿಗೆ ಯಾಕೆ ಗುಣವಾಗುವುದಿಲ್ಲ ಅಂತ ನೋಡುವುದಂತೆ. ಈ ಹುಡುಗಿಯ ಹೆಸರೂ ಆ ಪಟ್ಟಿಗೆ ಸೇರಿತ್ತು. ಔಷಧಿ ಪುಕ್ಕಟೆ. ಅದಕ್ಕೆ ಬದಲಾಗಿ ಪ್ರತಿ ತಿಂಗಳೂ ಎರಡು ದಿನ ಬೆಳಗಿನ ಕಫ ಕೊಡಬೇಕು. ಅದನ್ನು ಮನೆಮನೆಗೆ ಬಂದು ತೆಗೆದುಕೊಂಡು ಹೋಗುವ ಕೆಲಸ ಆಕೆಯದು. ನಲವತ್ತೈದರ ಆಸುಪಾಸು, ಮಾಸಲು ಬಣ್ಣದ ಕಾಟನ್ ಸೀರೆ, ನೆಟ್ಟಗಿನ ಬೈತಲೆ. ಆಕೆಯ ಹೆಸರು ನನಗೆ ಗೊತ್ತಿತ್ತು, ಆದರೂ ಕರೆದದ್ದಿಲ್ಲ. ವಠಾರಕ್ಕೆಲ್ಲ ಆಕೆ ಡಬ್ಬಿ ಮೇಡಂ.

ಹುಡುಗಿ ಏಳು ಗಂಟೆಗೇ ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕು. ಡಬ್ಬಿ ಮೇಡಂ ಎರಡು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಹತ್ತು ಗಂಟೆ. ಆ ಮೂರು ಗಂಟೆ ಡಬ್ಬಿ ಎಲ್ಲಿರಬೇಕು? ಶೀಟಿನ ರೂಮಿನಲ್ಲಿಟ್ಟರೆ ಕೆಡುತ್ತದಂತೆ. ಗಾರ್ಮೆಂಟ್ಸಿಗೆ ರಜೆಯಿದ್ದ ಒಂದು ದಿನ ಮೇಡಂ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು.

"ಅಮ್ಮಾ, ನಿಮ್ಮ ಬಚ್ಚಲು ತಂಪಾಗಿದೆ. ಮೂಲೇಲಿ ಒಂದು ಡಬ್ಬಿ ಇಟ್ಕೊಂಡ್ರೆ ಪುಣ್ಯ ಬರುತ್ತೆ. ತಿಂಗಳಿಗೆ ಎರಡೇ ದಿನ."

ಬೇರೆಯವರ ಕಫ! ನಾನು ಸ್ನಾನ ಮಾಡಿ ಪೂಜೆಗೆ ಹೋಗುವ ಬಚ್ಚಲಲ್ಲಿ! ಆದರೆ ಹುಡುಗಿ ಆಕೆಯ ಹಿಂದೆಯೇ ನಿಂತು ನನ್ನ ಮುಖ ನೋಡುತ್ತಿದ್ದಳು. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಹೂಂ ಅಂದೆ.

"ನನ್ನ ಕಫದ ಹಣೇಬಾರ ನೋಡ್ರಿ ಅಕ್ಕಾರ," ಅಂದಳು ಹುಡುಗಿ. "ನಾ ಬಸ್ಸಿನ್ಯಾಗ ನಿಂತು ಹೋಗ್ತೀನಿ, ಅದು ಐಸಿನ ಡಬ್ಬ್ಯಾಗ ತಂಪಾಗಿ ಕುಂತು ಹೋಗ್ತೈತಿ."

ಡಬ್ಬಿ ಮೇಡಂ ಮಾಡುತ್ತಿದ್ದ ಒಂದು ಕೆಲಸ ನನಗೆ ಸಹಿಸಲಾಗುತ್ತಿರಲಿಲ್ಲ. ಬಂದವರೇ ಡಬ್ಬಿಯನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಅಕ್ಕಸಾಲಿ ಹರಳು ನೋಡುವ ಹಾಗೆ ನೋಡುತ್ತಿದ್ದರು. "ಚೆನ್ನಾಗಿದೆ ಅಮ್ಮಾ. ಗಟ್ಟಿಯಾಗಿ, ಹಳದಿಯಾಗಿ ಬಂದಿದೆ. ನೆನ್ನೆ ಜಾಲಹಳ್ಳಿಯವರೊಬ್ಬರು ಕೊಟ್ಟಿದ್ದು ಬರೀ ಎಂಜಲು ಕಣ್ರೀ, ಅದನ್ನ ತಗೊಂಡ್ಹೋಗಿ ಏನ್ ಮಾಡ್ಲಿ?" ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ನನಗೆ ಆ ದಿನವೆಲ್ಲ ಅನ್ನ ಸೇರುತ್ತಿರಲಿಲ್ಲ.

ಬಿಸಿಲಲ್ಲಿ ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆತನ ನಮ್ಮದಲ್ಲ. ಕೊಡುತ್ತಿದ್ದೆ. ಆದರೆ ಆಕೆಗೆಂದೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೆ, ಅಂಚು ತುಸು ನೆಗ್ಗಿದ್ದು. ಅದು ಒಳಗೆ ಬರುತ್ತಿರಲಿಲ್ಲ, ಕಾಂಪೌಂಡ್ ಗೋಡೆಯ ಮೇಲೆಯೇ ಅದರ ಜಾಗ. ಆಕೆಗೆ ಗೊತ್ತಾಗದೆ ಇರುತ್ತಾ? ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದು ಗೋಡೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಒಂದು ದಿನವೂ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ನಾನು ಅದಕ್ಕೆ ಮತ್ತೆ ಹುಣಸೆಹಣ್ಣು ಹಚ್ಚಿ ಬಿಸಿನೀರು ಸುರಿಯುತ್ತಿದ್ದೆ...

ಎರಡನೇ ತಿಂಗಳೋ ಏನೋ. ಪೂಜೆ ಮುಗಿಸಿ ಎದ್ದು ಬರುತ್ತೇನೆ, ಮಗಳು ಬಚ್ಚಲ ಬಾಗಿಲಲ್ಲಿ ಕೂತು ಆ ಡಬ್ಬಿಯನ್ನು ಗಾಲಿಯ ಹಾಗೆ ಉರುಳಿಸುತ್ತಾ ಆಡುತ್ತಿದೆ. ಮುಚ್ಚಳ ಬಿಗಿಯಾಗಿತ್ತು, ಶಿವ ಅಷ್ಟು ಕಾಪಾಡಿದ. ಮಗುವಿಗೆ ಎರಡು ಏಟು ಕೊಟ್ಟು, ತಲೆಗೆ ನೀರು ಸುರಿದು, ಅಂಗೈಯನ್ನು ಕೆಂಪಾಗುವಷ್ಟು ಉಜ್ಜಿದೆ. ಆಮೇಲೆ ಬಚ್ಚಲು ತೊಳೆಯುವ ಫಿನಾಯಿಲ್ ಬಾಟಲಿ ಎತ್ತಿಕೊಂಡೆ. ಡಬ್ಬಿಯ ಹೊರಗೆಲ್ಲ ಒರೆಸಿದೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಮುಖ ಆಚೆ ತಿರುಗಿಸಿ, ಸೆರಗನ್ನು ಮೂಗಿಗೆ ಒತ್ತಿ, ಬಾಯಲ್ಲಿ ಶಿವನಾಮ ಹೇಳುತ್ತಾ ಮುಚ್ಚಳ ತೆಗೆದು ಒಳಗೂ ಒಂದು ಮುಚ್ಚಳದಷ್ಟು ಸುರಿದುಬಿಟ್ಟೆ.

ನನ್ನ ಲೆಕ್ಕ ಸರಳವಾಗಿತ್ತು. ಆಸ್ಪತ್ರೆಯವರು ಇರುವುದೇ ಕ್ರಿಮಿ ಸಾಯಿಸುವುದಕ್ಕೆ. ಅಲ್ಲಿ ಹೋಗಿ ಸಾಯುವುದು ಇಲ್ಲೇ ಸತ್ತರೆ ಯಾರಿಗೆ ನಷ್ಟ? ಮಗು ಉಳಿಯುತ್ತದೆ, ಬಸ್ಸಿನ ಜನ ಉಳಿಯುತ್ತಾರೆ, ಆ ಮೇಡಂ ಕೂಡ ಉಳಿಯುತ್ತಾರೆ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಅವತ್ತು ಮೇಡಂ ಡಬ್ಬಿಯನ್ನು ಬೆಳಕಿಗೆ ಹಿಡಿದವರು ತುಸು ಹೊತ್ತು ಹಾಗೇ ನಿಂತರು.

"ಈ ಸಲ ಬೆಳ್ಳಗಿದೆಯಲ್ಲಾ," ಅಂದರು. ಆಮೇಲೆ ಮುಖ ಅರಳಿತು. "ಹಳದಿ ಹೋಗಿದೆ ಅಂದ್ರೆ ಗುಣ ಆಗ್ತಿರಬೇಕು ಅಮ್ಮಾ."

ವಾಸನೆ ಗೊತ್ತಾಗಲಿಲ್ಲವಾ ಅಂತ ನೀವು ಕೇಳಬಹುದು. ನಮ್ಮ ಬಚ್ಚಲು, ಅಂಗಳ, ಮೆಟ್ಟಿಲು ಎಲ್ಲಾ ಅದೇ ವಾಸನೆ. ಆಕೆ ಬಂದು ಹೋಗುವ ದಿನ ಎರಡು ಸಲ ಸುರಿಯುತ್ತಿದ್ದೆ. "ನಿಮ್ಮಷ್ಟು ಶುಚಿಯಾಗಿ ಇಟ್ಕೊಳ್ಳೋರನ್ನ ನಾನು ನೋಡಿಲ್ಲ," ಅಂತ ಹೊಗಳಿಯೇ ಹೋದರು.

ನಾಲ್ಕು ತಿಂಗಳು, ಪ್ರತಿ ಡಬ್ಬಿಗೂ ಹಾಗೇ ನಡೆಯಿತು.

ಹುಡುಗಿ ಮಾತ್ರ ಗುಣವಾಗಲಿಲ್ಲ. ಕೊರಳ ಕೆಳಗಿನ ಮೂಳೆ ಎದ್ದು ಕಾಣತೊಡಗಿತು. ನಗುತ್ತಿದ್ದಳು, ನಗುವಿನ ಕೊನೆಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆಂಪಗೆ ಉಗುಳಿದ್ದನ್ನು ನೋಡಿದೆ. ಅವಳು ಗಡಬಡಿಸಿ ನೀರು ಹಾಕಿದಳು.

"ಎಲಿ ಅಡಿಕಿ ರೀ ಅಕ್ಕಾರ."

ಎಲೆ ಅಡಿಕೆಯನ್ನು ಅವಳು ಯಾವತ್ತೂ ಹಾಕಿಕೊಂಡವಳಲ್ಲ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಎಂಥಾ ಹೆಂಗಸು ನಾನು... ಅವಳ ಬೆನ್ನು ಸವರಿ ನೀರು ಕುಡಿಸಬೇಕು ಅನ್ನಿಸಲಿಲ್ಲ. ಆ ಕಲ್ಲಿಗೆ ಎಷ್ಟು ಫಿನಾಯಿಲ್ ಬೇಕಾದೀತು ಅಂತ ಯೋಚಿಸುತ್ತಿದ್ದೆ.

ಆರನೇ ತಿಂಗಳು ಮೇಡಂ ಬಂದಿದ್ದು ಡಬ್ಬಿಯ ದಿನವಲ್ಲ. ಹಿಂದಿನ ದಿನ, ಸಂಜೆ ನಾಲ್ಕರ ಹೊತ್ತಿಗೆ. ಐಸ್ ಡಬ್ಬ ಇರಲಿಲ್ಲ. ಗೋಡೆಯ ಮೇಲಿನ ಲೋಟವನ್ನು ತಾವೇ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತರು. ನಾನು ಮೇಲಿನಿಂದ ಕಾಫಿ ಸುರಿದೆ.

"ನಾಳೆ ನಾನು ಬರಲ್ಲ ಅಮ್ಮಾ. ಬೇರೆಯವರು ಬರ್ತಾರೆ. ಡಬ್ಬಿ ಅವರಿಗೆ ಕೊಡಿ."

"ಯಾಕೆ ಮೇಡಂ, ಬೇರೆ ಕಡೆ ಹಾಕಿದ್ರಾ?"

"ಕೆಲಸದಿಂದ ನಿಲ್ಲಿಸಿದ್ದಾರೆ, ವಿಚಾರಣೆ ಆಗೋವರೆಗೂ." ಕಾಫಿಯನ್ನು ಒಂದು ಗುಟುಕು ಕುಡಿದು ನಿಧಾನವಾಗಿ ಹೇಳಿದರು. "ಹನ್ನೆರಡು ವರ್ಷದಲ್ಲಿ ನನ್ನ ಒಂದು ಡಬ್ಬಿ ಕೆಟ್ಟಿಲ್ಲ. ಈ ಹುಡುಗೀದು ಮಾತ್ರ, ಮೊದಲನೇ ತಿಂಗಳದ್ದಕ್ಕೆ ಲ್ಯಾಬಲ್ಲೇ ಬೂಷ್ಟು ಹಿಡೀತು, ಆಮೇಲಿನ ಮೂರು ತಿಂಗಳದ್ದೂ ಬೆಳೆದಿಲ್ಲ."

"ಬೆಳೆಯೋದು ಅಂದ್ರೆ?"

ಆಗ ಹೇಳಿದರು. ನಾನು ಕೇಳಿದ ಮೊದಲ ಸಲ ಅದು. ಅಷ್ಟು ತಿಂಗಳು ನನ್ನ ಬಚ್ಚಲಲ್ಲಿ ಇಟ್ಟುಕೊಂಡಿದ್ದೆ, ತೆಗೆದುಕೊಂಡು ಹೋಗಿ ಏನು ಮಾಡುತ್ತೀರಿ ಅಂತ ಒಂದು ದಿನವೂ ಕೇಳಿರಲಿಲ್ಲ.

"ಕಫದಲ್ಲಿರೋ ಹುಳಾನ ಅಲ್ಲಿ ಬೆಳೆಸ್ತಾರಮ್ಮಾ. ಮೊಟ್ಟೆ ಒಡೆದು, ಕಲಸಿ, ಗಾಜಿನ ಕೊಳವೇಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬಿತ್ತುತಾರೆ. ಆರು ವಾರ, ಎಂಟು ವಾರ ಕಾಯ್ಬೇಕು. ಬೆಳೀತು ಅಂದ್ರೆ, ಒಂದೊಂದೇ ಔಷಧಿ ಹಾಕಿ ಯಾವುದಕ್ಕೆ ಸಾಯುತ್ತೆ, ಯಾವುದಕ್ಕೆ ಸಾಯಲ್ಲ ಅಂತ ನೋಡ್ತಾರೆ. ಆಗ ತಾನೇ ಇವಳಿಗೆ ಯಾವ ಔಷಧಿ ಕೊಡಬೇಕು ಅಂತ ಗೊತ್ತಾಗೋದು? ಅದಕ್ಕೇ ಅಷ್ಟು ಜೋಪಾನ. ಹುಳ ಜೀವಂತವಾಗಿ ಹೋಗಿ ಮುಟ್ಟಬೇಕು."

ಮೊಟ್ಟೆ ಅಂದಾಗಲೇ ನನ್ನ ಮುಖ ಕಿವುಚಿಕೊಂಡಿತ್ತು. ಕೊನೆಯ ಮಾತು ಕೇಳಿ ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ನೆಲಕ್ಕಿಟ್ಟೆ. ಹುಳ ಜೀವಂತವಾಗಿ ಹೋಗಿ ಮುಟ್ಟಬೇಕು...

ಆಕೆ ಹೇಳುತ್ತಲೇ ಇದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹುಳ ಕಾಣುತ್ತಿವೆ, ಆದರೆ ಬೆಳೆಯುವುದಿಲ್ಲ. ಹಾಗಾದರೆ ಅವು ಸತ್ತ ಹುಳ, ಔಷಧಿ ಕೆಲಸ ಮಾಡುತ್ತಿದೆ, ಅದನ್ನೇ ಮುಂದುವರಿಸಿ ಅಂದರಂತೆ ದೊಡ್ಡ ಡಾಕ್ಟರು. ಈಕೆ ಒಪ್ಪಲಿಲ್ಲ. "ಮಾತ್ರೆಗೆ ಬಂದಾಗೆಲ್ಲ ನಾನು ನೋಡೋಳು. ಗುಣ ಆಗೋ ಮುಖ ಅಲ್ಲ ಸಾರ್ ಅದು, ಹುಡುಗಿ ಸಾಯ್ತಾಳೆ, ಇನ್ನೊಂದು ಸಲ ನೋಡಿ ಅಂತ ಅವರ ಮುಖಕ್ಕೇ ಅಂದೆ. ಅದಕ್ಕೆ ಅವರು, ಹಾಗಾದ್ರೆ ನೀನೇ ಡಬ್ಬ ಬಿಸಿಲಲ್ಲಿ ಬಿಟ್ಟು ಸಿನಿಮಾಕ್ಕೆ ಹೋಗಿರಬೇಕು, ಇಲ್ಲಾಂದ್ರೆ ಕಫ ಹೇಗೆ ಕೆಟ್ಟಿತು ಅಂದ್ರು."

ಸೆರಗಿನಿಂದ ಬಾಯಿ ಒರೆಸಿಕೊಂಡರು. "ಡಬ್ಬಿ ಇಡೋ ಮನೇಲಿ ಏನಾದ್ರೂ ಆಗಿರಬಹುದಾ ಅಂತಾನೂ ಕೇಳಿದ್ರು. ಸಾಧ್ಯಾನೇ ಇಲ್ಲ ಅಂತ ಬರೆದುಕೊಟ್ಟಿದ್ದೀನಿ. ಆಯಮ್ಮ ಪೂಜೆ ಮಾಡೋ ಕೈಯಲ್ಲಿ ಎತ್ತಿ ಇಡ್ತಾರೆ, ಆ ಮನೇಲಿ ತಪ್ಪಾಗಲ್ಲ ಅಂತ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಯಾವುದು ಗೊತ್ತೇ? "ಇನ್ನೊಂದು ಸ್ವಲ್ಪ ಕಾಫಿ ಹಾಕ್ಲಾ ಮೇಡಂ?"

ಬೇಡ ಅಂದರು. ಲೋಟ ತೊಳೆದು ಗೋಡೆಯ ಮೇಲೆ ಬೋರಲು ಹಾಕಿದರು. ಕೊಡೆ ಬಿಚ್ಚಿಕೊಂಡು ತುಮಕೂರು ರಸ್ತೆಯ ಕಡೆ ನಡೆದುಹೋದರು. ಅದೇ ಕೊನೆ.

ಕಫ, ಎಂಜಲು, ಮೊಟ್ಟೆ, ಹುಳ ಎಲ್ಲದಕ್ಕೂ ಅಷ್ಟು ದಿನ ಹೇಸಿಕೊಂಡವಳು ನಾನು. ಆ ಸಂಜೆ ನನ್ನ ನಾಲಿಗೆಗೆ ಹೇಸಿದಷ್ಟು ಯಾವುದಕ್ಕೂ ಹೇಸಿರಲಿಲ್ಲ. ಮಾರನೆಯ ಬೆಳಗ್ಗೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತರೆ, ನೀರೆರೆಯಲು ಕೈ ಬರಲಿಲ್ಲ. ಪೂಜೆ ಮಾಡೋ ಕೈ ಅಂತ ಬರೆದುಕೊಟ್ಟಿದ್ದರಲ್ಲ.

ಆ ದಿನದ ಡಬ್ಬಿಗೆ ನಾನು ಏನೂ ಹಾಕಲಿಲ್ಲ. ಒದ್ದೆ ಬಟ್ಟೆ ಸುತ್ತಿ, ಮಗಳಿಗೆ ಎಟುಕದ ಹಾಗೆ ಎತ್ತರದ ಗೂಡಿನಲ್ಲಿಟ್ಟು, ಬಾಗಿಲಿಗೆ ಚಿಲಕ ಹಾಕಿದೆ. ಇಷ್ಟೇ ಬೇಕಾಗಿದ್ದುದು. ಒಂದು ಎತ್ತರದ ಗೂಡು, ಒಂದು ಚಿಲಕ. ಹೊಸದಾಗಿ ಬಂದವರು ಡಬ್ಬಿಯನ್ನು ಬೆಳಕಿಗೆ ಹಿಡಿಯಲಿಲ್ಲ, ಐಸಿನೊಳಗೆ ಹಾಕಿಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಹುಡುಗಿ ಓಡಿಬಂದಳು. "ಅಕ್ಕಾರ, ನನ್ನ ಹುಳಾ ಬೆಳದಾವಂತ! ಎರಡು ಔಷಧಕ್ಕ ಜಗ್ಗಂಗಿಲ್ಲಂತ್ರಿ ಅವು. ಬ್ಯಾರೆ ಇಂಜೆಕ್ಷನ್ ಕೊಡ್ತಾರಂತ." ಮಗು ಹುಟ್ಟಿದ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು. "ಆ ಮೇಡಮ್ಮರನ್ನ ಪೂರಾ ತಗದಾರಂತ. ಹೊಸಬರು ಒಯ್ದಿದ್ದು ಬೆಳೀತು ಅಂದ ಮ್ಯಾಲ ಹಿಂದಿನ ತಪ್ಪು ಆಕೀದ ಅಂತ ಆತಲ್ರಿ. ಪಾಪ, ನನ್ನ ಸಲುವಾಗಿ ಭಾಳ ಬಡಕೊಂಡಾಳ ಆಕಿ."

ನಾನು ಚೊಕ್ಕವಾಗಿ ಇಟ್ಟ ಆ ಒಂದು ಡಬ್ಬಿಯೇ ಆಕೆಯ ಮೇಲೆ ಸಾಕ್ಷಿಯಾಗಿತ್ತು.

ಯಜಮಾನರಿಗೆ ಎಲ್ಲಾ ಹೇಳಿದೆ. ಅವರು "ಹೋಗಿ ಹೇಳಿ ಬಾ" ಅಂದರು, ಅಷ್ಟೇ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಕೇಳಿಕೊಂಡು ಕೇಳಿಕೊಂಡು ಆ ಕಾಲೇಜಿಗೆ ಹೋದೆ. ಸಂಶೋಧನೆಯ ವಿಭಾಗ ಮೂರನೇ ಮಹಡಿ. ಬೇಯಿಸಿದ ಮೊಟ್ಟೆಯ ವಾಸನೆಯೋ, ಸುಟ್ಟ ಹತ್ತಿಯ ವಾಸನೆಯೋ, ಎರಡೂ ಸೇರಿದ್ದೋ... ಗಾಜಿನ ಬಾಗಿಲಾಚೆ ಕೊಳವೆಗಳನ್ನು ಸಾಲಾಗಿ ಓರೆ ಮಾಡಿ ಇಟ್ಟಿದ್ದರು. ಒಳಗೆ ಹಸಿರು ಬಣ್ಣದ ಗಟ್ಟಿ ಪದಾರ್ಥ. ಕೆಲವದರ ಮೇಲೆ ಒಣ ಬ್ರೆಡ್ಡಿನ ಪುಡಿ ಉದುರಿಸಿದ ಹಾಗೆ ಏನೋ ಬೆಳೆದಿತ್ತು. ಅದೇ ಹುಳ. ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆದರೂ ಅದರಲ್ಲಿ ನಮ್ಮ ಹುಡುಗಿಯದು ಯಾವುದಿರಬಹುದು ಅಂತ ಹುಡುಕಿದೆ.

ದೊಡ್ಡ ಡಾಕ್ಟರು ಅಂದರೆ ವಯಸ್ಸಿನಲ್ಲಿ ನನಗಿಂತ ಅಷ್ಟೇನೂ ದೊಡ್ಡವರಲ್ಲ. ನಾನು ನಿಂತುಕೊಂಡೇ ಹೇಳಿದೆ. ಕೇಳಿ ಕಣ್ಣರಳಿಸಿದರು.

"ಫಿನಾಯಿಲ್ಲಾ?"

"ಹೂಂ ಸಾರ್. ಕರೀದು."

ಜೋರಾಗಿ ನಕ್ಕುಬಿಟ್ಟರು. ಆಚೆ ಟೇಬಲಿನವರನ್ನು ಕರೆದರು. "ಬನ್ರೀ ಇಲ್ಲಿ, ನಮ್ಮ ಮಿಸ್ಟರಿ ಸಾಲ್ವ್ ಆಯ್ತು! ಆರು ತಿಂಗಳು ತಲೆ ಕೆರ್ಕೊಂಡ್ವಿ, ಇವರು ಫಿನಾಯಿಲ್ ಹಾಕ್ತಿದ್ರಂತೆ ಕಣ್ರೀ!" ನಾಲ್ಕು ಜನ ಸೇರಿದರು. ನಾಲ್ವರೂ ನಕ್ಕರು. ಒಬ್ಬರು, "ಎಷ್ಟು ಹಾಕ್ತಿದ್ರಿ ಮೇಡಂ, ಒಗ್ಗರಣೆ ಥರಾನಾ?" ಅಂದರು. ಅವರ ಕಫದ ಕೊಳವೆಗಳಿಗಿಂತ ಆ ನಗು ನನಗೆ ಅಸಹ್ಯವಾಯಿತು. ಒಬ್ಬ ಹೆಂಗಸಿನ ಅನ್ನ ಹೋಗಿದೆ, ಒಂದು ಹುಡುಗಿ ರಕ್ತ ಕೆಮ್ಮಿದ್ದಾಳೆ. ಆದರೆ ಬೈಯುವುದಕ್ಕೆ ನನಗೆ ಯಾವ ಬಾಯಿ ಇತ್ತು?

"ಹಾಗಾದ್ರೆ ಆ ಮೇಡಂದು ತಪ್ಪಿಲ್ಲ ಅಂತ ಆಯ್ತಲ್ಲ ಸಾರ್. ವಾಪಸ್ ಕರೀರಿ," ಅಂದೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ಬಂದಿದ್ದ ನೀರು. "ಅದು ಟೆಂಪರರಿ ಪೋಸ್ಟು ಅಮ್ಮಾ. ಆಗಲೇ ಬೇರೆಯವರನ್ನ ತಗೊಂಡಾಯ್ತು. ಈಗ ಬರೆದಿದ್ದನ್ನ ಯಾರು ತಿದ್ದುತಾರೆ? ನೀವು ಬಂದು ಹೇಳಿದ್ದು ಒಳ್ಳೇದಾಯ್ತು." ಮೇಜಿನ ಮೇಲಿದ್ದ ಸೂಚನೆಯ ಹಾಳೆ ಎಳೆದುಕೊಂಡು, ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದರು. ಏನು ಬರೆದರು ಅಂತ ನಾನು ನೋಡಿದೆ.

ಆಕೆಯ ವಿಳಾಸ ಕೇಳಿದೆ. ಗುಮಾಸ್ತರು ಹುಡುಕಿ ಒಂದು ಮನೆ ಹೇಳಿದರು. ಮುಂದಿನ ವಾರ ಹೋದರೆ ಬೀಗ. ತಾಯಿಯನ್ನು ಕರೆದುಕೊಂಡು ಅಕ್ಕನ ಊರಿಗೆ ಹೋದರು ಅಂದರು ಪಕ್ಕದವರು. ಯಾವ ಊರು ಅಂತ ಅವರಿಗೂ ಗೊತ್ತಿರಲಿಲ್ಲ.

ಹುಡುಗಿಗೂ ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವಳು ನೆಲ ನೋಡುತ್ತಾ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. "ಹೊಲಸು ಅನ್ನಿಸಿದ್ರ ನನಗಽ ಹೇಳಬೇಕಿತ್ತಲ್ರಿ ಅಕ್ಕಾರ. ನಾ ಬ್ಯಾರೆ ಕಡೆ ಇಡ್ತಿದ್ದೆ," ಅಂದಳು. ಇಷ್ಟೇ. ಮರುದಿನದಿಂದ ಹೆಪ್ಪಿಗೆ ನಮ್ಮ ಬಾಗಿಲಿಗೆ ಬರಲಿಲ್ಲ. ಇಂಜೆಕ್ಷನ್ ಹಿಡಿಯಿತು, ಮೈ ತುಂಬಿಕೊಂಡಿತು, ಒಂದೂವರೆ ವರ್ಷಕ್ಕೆ ಪೂರ್ತಿ ಗುಣವಾಗಿ ಊರಿಗೆ ಹೋದಳು. ಅವಳು ಬದುಕಿದಳು. ಶಿವ ನನಗೆ ಮಾಡಿದ ದೊಡ್ಡ ಉಪಕಾರ ಅದು, ಇವತ್ತಿಗೂ ಪೂಜೆಯಲ್ಲಿ ಮೊದಲು ನೆನೆಯುವುದು ಅದನ್ನೇ. ಎರಡನೆಯದಾಗಿ ನೆನೆಯಬೇಕಾದವರು ಡಬ್ಬಿ ಮೇಡಂ, ಆ ಹೆಸರೆತ್ತುವ ಧೈರ್ಯ ದೇವರ ಎದುರಲ್ಲೂ ಇಲ್ಲ...

ಆಕೆ ಹೋದ ಮೇಲೆ ಆ ಲೋಟ ಬಹಳ ದಿನ ಗೋಡೆಯ ಮೇಲೆ ಬೋರಲಾಗಿಯೇ ಇತ್ತು. ಒಳಗೆ ತರಲು ನಾಚಿಕೆ, ಬಿಸಾಡಲು ಭಯ. ಒಂದು ಬೆಳಗ್ಗೆ ನೋಡಿದರೆ ಇರಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದರು.

ಇವತ್ತು ಬೆಳಗ್ಗೆ ನನ್ನ ಡಬ್ಬಿ ತುಂಬಿಸಿ, ಒದ್ದೆ ಬಟ್ಟೆ ಸುತ್ತಿ ಲ್ಯಾಬಿಗೆ ಒಯ್ದೆ. ಒಳಗೆ ಏನೂ ಹಾಕಿಲ್ಲ. ಆ ಚೀಟಿಯ ಕೊನೆಯ ಸಾಲು ಅವತ್ತಿನ ಸಾಲೇ ಇರಬಹುದು, ಅಥವಾ ನನ್ನಂಥ ಇನ್ನೊಬ್ಬಳಿಂದ ಬಂದದ್ದಿರಬಹುದು. ಯಾರ ಕೆಲಸ ಹೋಗಿ ಆ ಸಾಲು ಅಚ್ಚಾಯಿತು ಅಂತ ಅದರಲ್ಲಿ ಬರೆದಿರುವುದಿಲ್ಲ.

ಕೌಂಟರಿನ ಹೆಣ್ಣುಮಗಳು ಕೈಗವಸು ಹಾಕಿಕೊಂಡು ಡಬ್ಬಿ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಅಲ್ಲಾಡಿಸಿ ನೋಡಿದಳು. "ಚೆನ್ನಾಗಿ ಬಂದಿದೆ ಅಮ್ಮಾ," ಅಂದಳು.

ನಾನು ಕೌಂಟರ್ ಬಿಟ್ಟು ಕದಲಲಿಲ್ಲ. ಕೂತಿದ್ದ ಮಗಳು ಎದ್ದು ಬಂದು ಏನಾಯ್ತಮ್ಮಾ ಅಂದಳು. ಆ ಹೆಣ್ಣುಮಗಳನ್ನು ಮನೆಗೆ ಕರೆದು, ಅಡುಗೆಮನೆಯೊಳಗೆ ಕೂರಿಸಿ, ನಾನು ಕುಡಿಯುವ ಲೋಟದಲ್ಲೇ ಒಂದು ಲೋಟ ಕಾಫಿ ಕೊಡಬೇಕು ಅನ್ನಿಸುತ್ತಿತ್ತು.